ಶಿಫ್ಟ್ ಎಂಬ ಮಾತಿನ ಕೆಳಗೆ ನಮ್ಮ ಸಂಸಾರ

ಎಪ್ಪತ್ತರ ದಶಕದಲ್ಲಿ ನಾವು ಪುಣೆಯಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಮಾಳಿಗೆಯ ಮೇಲಿದ್ದೆವು. ಗಂಡನಿಗೆ ಪಿಂಪ್ರಿ ಕಡೆಯ ಕಾರ್ಖಾನೆ, ನನಗೆ ಟೆಲಿಫೋನ್ ಎಕ್ಸ್‌ಚೇಂಜು. ಇಬ್ಬರದೂ ಶಿಫ್ಟಿನ ಕೆಲಸ. ಅವರು ಬೆಳಿಗ್ಗೆ ಹೋದರೆ ನಾನು ಮಧ್ಯಾಹ್ನ. ನಾನು ಬೆಳಿಗ್ಗೆ ಹೋದರೆ ಅವರು ರಾತ್ರಿ. ಅವರಿಗೆ ರಜೆ ಗುರುವಾರ, ನನಗೆ ಯಾವ ದಿನ ಕೊಟ್ಟರೆ ಆ ದಿನ. ಮೆಟ್ಟಿಲ ಮೇಲೆ ಎದುರಾದಾಗ ಮಗಳು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತಿದ್ದಳು. "ಹಾಲು ಕಾಸೇನಿ", "ನೀರು ಬಂದಿಲ್ಲ" ಎನ್ನುವಷ್ಟೇ ಮಾತು. ಜಗಳ ಆಡಲಿಕ್ಕೂ ಪುರಸೊತ್ತಿರಲಿಲ್ಲ.

ಒಮ್ಮೆ ಮಗಳ ಜ್ವರ ಇಳಿಯದೇ ಹೋದಾಗ ಬಿಜಾಪುರದಿಂದ ಅತ್ತೆಯನ್ನು ಕರೆಸಿದೆವು. ಆಕೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲ. ಆದರೆ ವಾಡೆಯಲ್ಲಿ ಎಲ್ಲರ ಬಾಯಲ್ಲೂ ತಿರುಗುವ ಒಂದು ಶಬ್ದ ಬೇಗ ಕಿವಿಗೆ ಬಿತ್ತು.

"ಯವ್ವಾ, ಈ ಸುಡುಗಾಡ ಶಿಪ್ಟ ಅಂದ್ರ ಏನ? ನನ್ನ ಮಗ ಎಲ್ಲಿ ಅಂದ್ರ ಶಿಪ್ಟ. ಬಾಜೂ ಮನಿಯವರು ಮನಿ ಬಿಟ್ಟರ ಶಿಪ್ಟ. ಎದುರು ಮನಿಯಾಕಿ ಮಾವನ್ನ ದೊಡ್ಡ ದವಾಖಾನಿಗೆ ಒಯ್ದರ ಅದೂ ಶಿಪ್ಟ!"

"ಪಾಳಿ ರೀ ಅತ್ತಿ," ಎಂದೆ.

"ಪಾಳಿ ಅಂದ್ರ ನಳದ ಮುಂದ ಕೊಡ ಇಟ್ಟು ನಿಲ್ಲೂದು. ಅಲ್ಲಿ ನಿಂತಾವರಿಗೆ ನೀರರ ಸಿಗತಾವ."

ಕೆಳಗಿನ ಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದರು. ಅತ್ತೆ ನನ್ನ ಕೈ ಹಿಡಿದು ಅಲ್ಲಿಗೇ ಕರೆದೊಯ್ದಳು. ಕೇಳಿದ್ದಕ್ಕೆ ಅವರಿಗೆ ಖುಷಿಯೇ ಆಯಿತು. ಪೇಪರು ಮಡಿಚಿಟ್ಟು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಬಹಳ ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹಂಚುವುದು, ಪಾಲು ಮಾಡುವುದು, ಸರಿಯಾಗಿ ಜೋಡಿಸಿಡುವುದು. ಜಾಗ ಕದಲಿಸುವುದು, ಬದಲಿಸುವುದು ಆಮೇಲೆ ಬಂತು. ಬದಲಿಸಿ ತೊಡುವ ಒಳಅಂಗಿಗೂ ಅದೇ ಹೆಸರು ಬಿತ್ತು. ಯಾರ ಆಸರೆಯೂ ಇಲ್ಲದೆ ಹೇಗೋ ನಿಭಾಯಿಸಿಕೊಳ್ಳುವುದಕ್ಕೂ ಅದೇ ಮಾತು. ಒಂದು ಗುಂಪು ಎದ್ದು ಇನ್ನೊಂದು ಗುಂಪು ಕೂರುವ ಕೆಲಸಕ್ಕೆ ಆ ಹೆಸರು ಅಂಟಿದ್ದು ಎಷ್ಟೋ ಈಚೆಗೆ.

ನಾನು ಒಂದೊಂದನ್ನೇ ಕನ್ನಡಕ್ಕೆ ಇಳಿಸಿದೆ. ಅತ್ತೆ ಮೊದಲನೆಯ ಅರ್ಥದಲ್ಲೇ ನಿಂತುಬಿಟ್ಟಿದ್ದಳು.

"ಹಂಚೂದಾ? ನನ್ನ ಮಗನ್ನ ಕಾರ್ಖಾನಿಗೆ ಹಂಚ್ಯಾರ, ನಿನ್ನ ಟೆಲಿಫೋನಿಗೆ ಹಂಚ್ಯಾರ. ಈ ಕೂಸಿನ ಪಾಲಿಗೆ ಏನ ಉಳೀತು?"

ಅತ್ತೆ ಏನಂದರೆಂದು ಮೇಷ್ಟ್ರು ಕೇಳಿದರು. ಮರಾಠಿಯಲ್ಲಿ ಹೇಳಿದೆ. ಅವರು ಚಹ ತರಿಸಿದರು, ಮತ್ತೆ ಶಬ್ದಗಳ ಮಾತೆತ್ತಲಿಲ್ಲ.

ಮರುದಿನ ಅತ್ತೆಯ ಒತ್ತಾಯಕ್ಕೆ ಎಕ್ಸ್‌ಚೇಂಜಿನ ಸೂಪರ್‌ವೈಸರ್ ಹೆಂಗಸಿನ ಮುಂದೆ ನಿಂತೆ. ಗಂಡನ ಪಾಳಿಯಿದ್ದಾಗಲೇ ನನಗೂ ಪಾಳಿ ಹಾಕಿರೆಂದು ಬೇಡಿಕೊಂಡೆ. ಆ ಹೊತ್ತು ಕೂಸನ್ನು ವಾಡೆಯವರು ನೋಡುತ್ತಾರೆ, ಉಳಿದ ಹೊತ್ತು ಮೂವರೂ ಒಟ್ಟಿಗಿರುತ್ತೇವೆ ಎಂದೆ. ಆಕೆ ಸಿಟ್ಟಾಗಲಿಲ್ಲ. ಆಕೆಯ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಇಲ್ಲಿ ಯಾರಿಗೆ ಸಂಸಾರ ಇಲ್ಲ, ಹೇಳು? ಒಬ್ಬಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು," ಎಂದಳು. ಮರಳಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಊರವರ ಮಾತುಗಳನ್ನು ಜೋಡಿಸಿದೆ.

ಸುದ್ದಿ ಕೇಳಿ ಅತ್ತೆ, ಮಗಳ ಜ್ವರ ಬಿಟ್ಟಿತೆಂದು ಊರಿಗೆ ಹೊರಡಲು ಕಟ್ಟಿಟ್ಟಿದ್ದ ಗಂಟು ಬಿಚ್ಚಿದಳು. "ನಾ ಊರಿಗೆ ಹೋಗಂಗಿಲ್ಲ," ಎಂದಳು ಅಷ್ಟೇ. ಊರಲ್ಲಿ ಆಕೆಗೆ ತಂಗಿಯರಿದ್ದರು, ಸಂಜೆಗೊಂದು ಕಟ್ಟೆಯಿತ್ತು. ಇಲ್ಲಿ ಮಾತನಾಡಲು ಒಂದು ಕೂಸು. ಮಗಳು ಶಾಲೆಗೆ ಹೋದಳು, ದೊಡ್ಡವಳಾದಳು, ನಮಗಿಂತ ಅಜ್ಜಿಯ ಬೈಗುಳಗಳನ್ನೇ ಚೆನ್ನಾಗಿ ಕಲಿತಳು. ಎಂಬತ್ತರ ದಶಕದಲ್ಲಿ ಒಂದು ದಿನ ಅತ್ತೆ ಮಲಗಿದಲ್ಲೇ ಹೋದಳು. ಆ ಹೊತ್ತಿನಲ್ಲಿ ನಾವಿಬ್ಬರೂ ಕೆಲಸದ ಮೇಲಿದ್ದೆವು. ಬಳಿಯಲ್ಲಿದ್ದವಳು ಮಗಳೊಬ್ಬಳೇ.

ಮುಂದೆ ಪುಣೆಯ ಅಂಚಿನ ಧನಕವಡಿಯಲ್ಲಿ ಸಣ್ಣ ಮನೆ ಮಾಡಿದೆವು. ಕೆಲವು ವರ್ಷ ಕಳೆದು ಅವರಿಗೆ, ಆಮೇಲೆ ನನಗೆ, ಹಗಲಿನ ಕೆಲಸವೇ ಕಾಯಂ ಆಯಿತು. ಮೊದಲ ಸಂಜೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಮನೆಗೆ ಬಂದೆವು. ಅವರು ಚಹ ಮಾಡುತ್ತೇನೆಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ಸಂಕೋಚದಿಂದ ಕೇಳಿದರು:

"ನಿನಗ ಸಕ್ರಿ ಎಷ್ಟ ಹಾಕಲಿ?"

"ಕಡಿಮಿ ಹಾಕ್ರಿ," ಎಂದೆ.

ಕುಡಿದೆವು. ಹೇಳಬೇಕಾದದ್ದು ಬಹಳ ಇತ್ತು ಎಂದುಕೊಂಡಿದ್ದೆ. ಬಸ್ಸಿನ ಗದ್ದಲದ ಬಗ್ಗೆ ಎರಡು ಮಾತಾಡಿ, ಕುರ್ಚಿಯಲ್ಲೇ ಇಬ್ಬರಿಗೂ ನಿದ್ದೆ ಹತ್ತಿತು.