ಪೀಠ ಹೋದ ಮೇಲೆ

ಬೂದುಬಣ್ಣದ್ದೇ ಇರಬೇಕು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಬರೆಯಲು ಕೂತರೆ ಕಂದುಬಣ್ಣದ್ದೇ ಇದ್ದಿರಬಹುದು ಅನ್ನಿಸುತ್ತಿದೆ. ಮೇಷ್ಟ್ರ ಕಾಲುಚೀಲದ ಮಾತು. ಏಪ್ರಿಲ್ ಸೆಕೆಯಲ್ಲೂ, ಮನೆಯೊಳಗೂ, ಪಂಚೆ ಉಟ್ಟಾಗಲೂ ಅವರ ಕಾಲಿನಲ್ಲಿ ಕಾಲುಚೀಲ ಇರುತ್ತಿತ್ತು. ಪಂಚೆಯ ಅಂಚಿನ ಕೆಳಗೆ ದಪ್ಪ ನೂಲು, ಹೆಬ್ಬೆರಳಿನ ಹತ್ತಿರ ಒಂದು ಹೊಲಿಗೆ. ಹೊಲಿಗೆ ಎಡಗಾಲಿನದಕ್ಕೆ ಇತ್ತು. ಇದನ್ನೂ ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಲಾರೆ.

ಮೇಷ್ಟ್ರು ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನಿವೃತ್ತರಾದ ಮೇಲೆ ಕುಂಬಾರಕೊಪ್ಪಲಿನ ತಮ್ಮ ಮನೆಯ ಮುಂಗೋಣೆಯಲ್ಲಿ ಕೂತು, ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಬಿಷಪ್ಪರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಅವರು ಕೈಯಲ್ಲಿ ಬರೆದದ್ದನ್ನು ನಾನು ಭಾನುವಾರಗಳಲ್ಲಿ ಮೇಟಗಳ್ಳಿಯಿಂದ ಹೋಗಿ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದೆ. ಹನ್ನೊಂದು ವರ್ಷ ಮಾಡಿದೆ. ಹತ್ತೂ ಇರಬಹುದು.

ಮೇಷ್ಟ್ರು ಕ್ರೈಸ್ತರಲ್ಲ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ. ಹನ್ನೆರಡನೆಯ ವಯಸ್ಸಿಗೆ ಅವರನ್ನು ಅವರ ಊರಿನ ಕಡೆಯ ಒಂದು ಸಣ್ಣ ಮಠಕ್ಕೆ ಮರಿಯಾಗಿ ಮಾಡಿದ್ದರು. ಮರಿ ಅಂದರೆ ಮುಂದೆ ಪೀಠ ಏರಬೇಕಾದ ಹುಡುಗ. ಹತ್ತು ವರ್ಷ ಕಾವಿ ಉಟ್ಟಿದ್ದರು. ಅಜ್ಜಂದಿರ ವಯಸ್ಸಿನ ಭಕ್ತರು ಬೆಳಿಗ್ಗೆ ಬಂದು ಅವರ ಕಾಲು ತೊಳೆದು, ಆ ನೀರನ್ನು ತೀರ್ಥ ಅಂತ ಕುಡಿಯುತ್ತಿದ್ದರು. ಇಪ್ಪತ್ತೆರಡಕ್ಕೆ ಕಾವಿ ತೆಗೆದಿಟ್ಟು ಮೈಸೂರಿನ ಹಾಸ್ಟೆಲು ಸೇರಿದರು. ತಾವಾಗಿ ಬಂದರೋ, ಮಠದವರೇ ಕಳಿಸಿದರೋ, ನನಗೆ ಯಾರೂ ಹೇಳಲಿಲ್ಲ. ಹೆಣ್ಣಿಗಾಗಿ ಬಿಟ್ಟರು ಎಂಬ ಮಾತು ಊರಲ್ಲಿತ್ತಂತೆ. ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತೇನೆ. ಅವರು ಇದನ್ನು ಹೇಳಿ ನಗುತ್ತಿದ್ದರು. “ಎಲ್ಲಾ ನನ್ಮೇಲೆ ಹಾಕ್ತಾರೆ ಕಣಪ್ಪ. ನಾನಾಗ ಏಳನೇ ಕ್ಲಾಸು.”

ಬಿಷಪ್ಪರು ಮನೆಗೆ ಹೇಗೆ ಬಂದರು ಎಂಬುದು ಮಾತ್ರ ಗೊತ್ತು. ಎಂ.ಎ. ಓದುವಾಗ ಹಳೆಯ ಗದ್ಯದ ಪಾಠಕ್ಕೆ ಅವರ ಒಂದು ಪ್ರವಚನ ಇತ್ತು. ಅದನ್ನು ಓದಿದ ಮೇಲೆ ಮೇಷ್ಟ್ರು ಬೇರೆ ಯಾರನ್ನೂ ಅಷ್ಟು ಓದಲಿಲ್ಲ. ಬಿಷಪ್ಪರು ದರ್ಜಿಯ ಮಗ. ದಾನಿಗಳ ನೆರವಿನಿಂದ ಓದಿ, ಧರ್ಮಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿ, ಅರಮನೆಯಲ್ಲಿ ಪ್ರವಚನ ಹೇಳಿ, ಕೊನೆಗೆ ಬಿಷಪ್ ಆದವರು. ಅತ್ತ ಪೋಪನ ಕಡೆಯವರಿಗೂ ಇತ್ತ ಕಟ್ಟುನಿಟ್ಟಿನ ಸುಧಾರಕರಿಗೂ ಬೇಡವಾದವರು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ಪಾರ್ಲಿಮೆಂಟು ಬಿಷಪ್ ಪದವಿಯನ್ನೇ ತೆಗೆದುಹಾಕಿತು. ಇವರ ಮನೆ, ಕುದುರೆ, ಪುಸ್ತಕ ಹರಾಜಾದವು. ಹಳ್ಳಿಯಲ್ಲೊಂದು ತೋಟದ ಮನೆ ಬಾಡಿಗೆಗೆ ಹಿಡಿದು ಒಂಬತ್ತು ವರ್ಷ ಬದುಕಿ ಅಲ್ಲೇ ತೀರಿಕೊಂಡರು.

ಮೇಷ್ಟ್ರು ಬರೆಯುವ ಕ್ರಮ ನನಗೆ ಮೊದಮೊದಲು ಹಿಂಸೆಯಾಗಿತ್ತು. ಪ್ರತಿ ವಾಕ್ಯದ ಪಕ್ಕ, ಹಾಳೆಯ ಎಡ ಅಂಚಿನಲ್ಲಿ, ಒಂದು ಅಂಕೆ. ಆ ಸಂಗತಿ ಯಾವ ಕಾಗದದಿಂದ, ಯಾವ ಪುಸ್ತಕದಿಂದ ಬಂತು ಎಂಬುದರ ಗುರುತು. ಅಂಕೆಯಿಲ್ಲದ ವಾಕ್ಯವನ್ನು ಮರುದಿನ ತಾವೇ ಹೊಡೆದುಹಾಕುತ್ತಿದ್ದರು. ಬಿಷಪ್ಪರು ಕಿಟಕಿಯಾಚೆ ನೋಡಿದರು ಅಂತಲೋ ನಿಟ್ಟುಸಿರು ಬಿಟ್ಟರು ಅಂತಲೋ ಒಂದು ಸಾಲೂ ಆ ಪುಸ್ತಕದಲ್ಲಿಲ್ಲ.

ನನ್ನ ಕತೆಗಳನ್ನೂ ಹಾಗೇ ಓದುತ್ತಿದ್ದರು. ಒಮ್ಮೆ ಒಂದು ಸಾಲಿನ ಮೇಲೆ ಬೆರಳಿಟ್ಟು, “ಮುದುಕನ ಕಣ್ಣಲ್ಲಿ ನೀರು ಬಂತು ಅಂತಿದೆಯಲ್ಲ, ನೀನು ನೋಡಿದ್ಯೇನಯ್ಯ?” ಅಂದರು.

“ಕತೆ ಸಾರ್ ಅದು.”

“ಕತೆಯಾದ್ರೆ ನೋಡ್ಬಾರ್ದು ಅಂತ ಇದೆಯಾ? ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅಂತ ಬರಿ. ಯಾರೂ ಹೊಡಿಯಲ್ಲ.”

ಹದಿನಾಲ್ಕು ಅಧ್ಯಾಯ ಮುಗಿದಿದ್ದವು. ಹದಿನೈದನೆಯದು, ಕೊನೆಯದು, ನಿಂತುಬಿಟ್ಟಿತು. ಅದರ ಹೆಸರು ಮೊದಲು ‘ಪೀಠ ಬಿಟ್ಟ ಮೇಲೆ’ ಅಂತಿತ್ತು. ‘ಬಿಟ್ಟ’ ಹೊಡೆದು ‘ಹೋದ’ ಬರೆದರು. ಎರಡು ವಾರ ಕಳೆದು ಮತ್ತೆ ‘ಬಿಟ್ಟ’ ಆಯಿತು. ಲ್ಯಾಪ್‌ಟಾಪಿನಲ್ಲಿ ನಾನು ಹೀಗೆ ಎಷ್ಟು ಸಲ ಬದಲಾಯಿಸಿದೆನೋ ಲೆಕ್ಕವಿಡಲಿಲ್ಲ.

ತೊಡಕು ಇದ್ದದ್ದು ಹೆಸರಿನಲ್ಲಲ್ಲ. ಅವರ ಚರ್ಚಿನ ಪದ್ಧತಿಯಂತೆ ಮಕ್ಕಳು ಬುದ್ಧಿ ತಿಳಿಯುವ ವಯಸ್ಸಿಗೆ ಬಂದಾಗ ಬಿಷಪ್ಪರೇ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಬೇರೆ ಪಾದ್ರಿಗಳು ಆ ಕೈಯಿಡುವಂತಿಲ್ಲ. ಪದವಿ ಹೋದ ಮೇಲೆ ಹಳ್ಳಿಯ ಜನ ಮಕ್ಕಳನ್ನು ತೋಟದ ಮನೆಗೆ ಕರೆತಂದಾಗ ಇವರು ಕೈಯಿಟ್ಟರೋ, ಇಲ್ಲವೋ? ಇವರ ಸೋದರಳಿಯ ಬರೆದ ಕಾಗದದಲ್ಲಿ, ಇಡಲಿಲ್ಲ, ಈಗ ನಾನು ಬಿಷಪ್ ಅಲ್ಲ ಅಂತ ವಾಪಸು ಕಳಿಸಿದರು ಎಂದಿದೆ. ಆ ಹಳ್ಳಿಯ ಚರ್ಚಿನ ಗುಮಾಸ್ತ ಬಹಳ ವರ್ಷಗಳ ನಂತರ ಬರೆದದ್ದರಲ್ಲಿ, ಹಿಂಬಾಗಿಲಿನಿಂದ ಮಕ್ಕಳನ್ನು ಒಳಗೆ ಬಿಟ್ಟುಕೊಂಡು ಕೈಯಿಡುತ್ತಿದ್ದರು ಎಂದಿದೆ.

“ಎರಡಕ್ಕೂ ಅಂಕೆ ಇದೆ ಕಣಯ್ಯ. ಅದೇ ಕಷ್ಟ,” ಎಂದರು ಮೇಷ್ಟ್ರು.

ಆ ಹೊತ್ತಿಗೆ ಅವರ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಇದೊಂದು ಅಧ್ಯಾಯ ಮುಗಿದುಬಿಟ್ಟರೆ ಸಾಕು ಅಂತ ಅಮ್ಮನ ಹತ್ತಿರ ದಿನಾ ಹೇಳುತ್ತಿದ್ದರಂತೆ. ನನ್ನ ಹತ್ತಿರ ಹೇಳಲಿಲ್ಲ. ನಾನು ಬಾಗಿಲು ದಾಟುವ ಮೊದಲೇ, ಇವತ್ತೂ ಟೈಪು ಮಾಡೋದೇನಿಲ್ಲ, ಕಾಫಿ ಕುಡಿದು ಹೋಗು, ಅನ್ನುತ್ತಿದ್ದರು.

ಒಂದು ಭಾನುವಾರ ಅವರ ಊರಿನ ಕಡೆಯಿಂದ ಒಬ್ಬ ಅಜ್ಜಿ ಬಂದರು. ಆ ಮಠದ ಹಳೆಯ ಒಕ್ಕಲು. ಮೇಷ್ಟ್ರು ಮರಿಯಾಗಿದ್ದಾಗ ಈಕೆ ಹೊಸ ಸೊಸೆ. ವರ್ಷಕ್ಕೊಮ್ಮೆ ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರಂತೆ. ನಾನು ನೋಡಿದ್ದು ಅದೇ ಮೊದಲು. ಗಂಟನ್ನು ಅಮ್ಮನ ಕೈಗೆ ಕೊಟ್ಟು ನೇರ ಮೇಷ್ಟ್ರ ಕುರ್ಚಿಯ ಮುಂದೆ ನೆಲದ ಮೇಲೆ ಕೂತರು. ಮೇಷ್ಟ್ರು ಕಾಲುಚೀಲದ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

“ವರ್ಸಾ ವರ್ಸಾ ಇಂಗೇ ಆಡ್ತೀರಿ. ಒಂದ್ಸಲ ಮುಟ್ಟುಸ್ಕೊಳಿ ಬುದ್ದಿ.” ಮಠದ ಸ್ವಾಮಿಗಳನ್ನು ಆ ಕಡೆ ಬುದ್ಧಿ ಅಂತಲೇ ಕರೆಯುವುದು.

“ನಾನು ಬುದ್ಧಿ ಅಲ್ಲ ಕಣಮ್ಮ. ಇಸ್ಕೂಲ್ ಮೇಷ್ಟ್ರು.”

ಅಜ್ಜಿ ಕೋಪವಿಲ್ಲದೆ, ತಿಳಿಯದೆ ಕೇಳುವವರ ಹಾಗೆ ಕೇಳಿದರು. “ಪೀಠ ಬುಟ್ರಿ, ಸರಿ. ಪಾದ ಎಲ್ಲೋಯ್ತು ಬುದ್ದಿ?”

ಅಮ್ಮ ಒಳಗಿನಿಂದ, ಎಲ್ಲೂ ಹೋಗಿಲ್ಲ, ಸಾಕ್ಸಿನೊಳಗೆ ಇದೆ, ಬನ್ನಿ ಅಜ್ಜಿ ಊಟಕ್ಕೆ, ಅಂತ ಕೂಗಿದರು. ಎಲ್ಲರೂ ನಕ್ಕೆವು. ಮೇಷ್ಟ್ರೂ ನಕ್ಕರು ಅಂತ ಬರೆಯಲು ಹೊರಟಿದ್ದೆ. ಅವರ ಮುಖ ಆಗ ನನಗೆ ಕಾಣುತ್ತಿರಲಿಲ್ಲ.

ಆ ವರ್ಷವೇ ಇರಬೇಕು, ಗುಡ್ ಫ್ರೈಡೆಯ ಹಿಂದಿನ ದಿನ ಮೇಷ್ಟ್ರು, ನನ್ನನ್ನು ಒಂದು ಚರ್ಚಿಗೆ ಕರೆದುಕೊಂಡು ಹೋಗು ಎಂದರು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆ ಸಂಜೆ ಪಾಸ್ಟರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಬಿಷಪ್ಪರೂ ಪದವಿಯಲ್ಲಿದ್ದಾಗ ಆ ಗುರುವಾರ ಬಡವರ ಕಾಲು ತೊಳೆಯುತ್ತಿದ್ದರು. ಅದಕ್ಕೆ ಅಂಕೆ ಇತ್ತು. ಆದರೂ ಒಂದು ಸಲ ಕಣ್ಣಾರೆ ನೋಡಬೇಕು ಎಂದರು.

ಮುಂದೆ ಹನ್ನೆರಡು ಕುರ್ಚಿ, ಒಂದು ನೀಲಿ ಪ್ಲಾಸ್ಟಿಕ್ ಟಬ್ಬು, ಪಾಸ್ಟರ ಸೊಂಟಕ್ಕೆ ಬಿಳಿ ಟವೆಲು. ಒಂದು ಕುರ್ಚಿ ಖಾಲಿ ಉಳಿದಿತ್ತು. ಪಾಸ್ಟರು ಸುತ್ತ ನೋಡಿ, ಬೆಂಚಿನ ತುದಿಯಲ್ಲಿದ್ದ ಮೇಷ್ಟ್ರನ್ನು ಯಾರೆಂದು ತಿಳಿಯದೆಯೇ, ಬನ್ನಿ ಎಂದು ಕೈ ಮಾಡಿದರು. ಮೇಷ್ಟ್ರು ತಲೆ ಅಲ್ಲಾಡಿಸಿ ಕಾಲು ಹಿಂದಕ್ಕೆಳೆದುಕೊಂಡರು. ಬೇರೆ ಯಾರೋ ಹೋಗಿ ಕೂತರು.

ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಒಂದು ಕತೆಯಲ್ಲೂ ಬರೆದುಬಿಟ್ಟೆ. ಅಚ್ಚಾದದ್ದನ್ನು ಓದಿ ಅಮ್ಮ ಫೋನು ಮಾಡಿದರು. ಆ ಸಂಜೆ ಮೇಷ್ಟ್ರು ಬರಿಗಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು, ಸಾಕ್ಸು ಜುಬ್ಬಾದ ಜೇಬಿನಲ್ಲಿತ್ತು, ಒದ್ದೆಯಾಗಿತ್ತು, ತಾವೇ ತೆಗೆದು ಹಿಂಡಿ ಒಣಗಹಾಕಿದ್ದು ಎಂದರು.

ಆಗ ನೆನಪಾಯಿತು. ಮೇಷ್ಟ್ರು ತಲೆ ಅಲ್ಲಾಡಿಸಿದ ಮೇಲೆ, ಕಾಲು ತೊಳೆಯಲು ಶುರುವಾಗುವ ಮುಂಚೆ, ನನ್ನ ಸ್ಕೂಟರು ಯಾರದೋ ಕಾರಿಗೆ ಅಡ್ಡವಾಗಿದೆ ಅಂತ ಒಬ್ಬರು ಬಂದು ಕರೆದಿದ್ದರು. ನಾನು ಹೊರಗೆ ಹೋದೆ. ತಿರುಗಿ ಬಂದಾಗ ಟಬ್ಬು ಎತ್ತಿಯಾಗಿತ್ತು, ಮೇಷ್ಟ್ರು ಅದೇ ಬೆಂಚಿನಲ್ಲಿದ್ದರು. ತಲೆ ಅಲ್ಲಾಡಿಸಿದ್ದು ನಾನು ನೋಡಿದ್ದು. ಬೇರೆಯವರು ಹೋಗಿ ಕೂತದ್ದು ನಾನು ಕಟ್ಟಿದ್ದು. ವಾಪಸು ಬರುವಾಗ ದಾರಿಯಲ್ಲಿ ನಾಲ್ಕು ಹನಿ ಮಳೆಯೂ ಬಂದಿತ್ತು. ಕಾಲುಚೀಲ ಅದರಲ್ಲೇ ನೆನೆದಿರಬಹುದು. ಅವರು ಹಿಂದೆ ಕೂತಿದ್ದರು, ನಾನು ಕಾಲು ನೋಡಲಿಲ್ಲ.

ಪಾಸ್ಟರು ಬೇರೆ ಊರಿಗೆ ವರ್ಗವಾಗಿದ್ದರು. ನಂಬರು ಹುಡುಕಿ ಕೇಳಿದೆ. ಅವರು, “ಕೊನೇ ಕುರ್ಚಿಗೆ ಯಾರೋ ಬಂದು ಕೂತ್ರು. ಕಾಲು ತೊಳ್ಯೋವಾಗ ನಾನು ಮುಖ ನೋಡಲ್ಲ ಬ್ರದರ್,” ಎಂದರು.

ಮೇಷ್ಟ್ರನ್ನೇ ಕೇಳಬಹುದಿತ್ತು. ಅಮ್ಮ ಫೋನು ಮಾಡಿದಾಗ ಅವರಿನ್ನೂ ಇದ್ದರು. ಮುಂದಿನ ಭಾನುವಾರ ಕೇಳೋಣ ಅಂತ ಹೋದೆ. ಅವರು ತಲೆದಿಂಬಿಗೆ ಒರಗಿ ನನ್ನ ಆ ಕತೆಯನ್ನೇ ಓದುತ್ತಿದ್ದರು. ಚರ್ಚಿನ ಪುಟ ತಿರುಗಿಸಿದರು. ಅಂಚಿನಲ್ಲಿ ಏನೂ ಗುರುತು ಹಾಕಲಿಲ್ಲ. ಕಾಫಿ ಕುಡಿದು ಹೋಗು ಎಂದರು.

ಡಯಾಲಿಸಿಸ್ ದಿನವೇ, ಆಸ್ಪತ್ರೆಯಲ್ಲೇ, ಮಧ್ಯಾಹ್ನ ಹೋದರು. ನಾನು ಕೆಲಸದಲ್ಲಿದ್ದೆ. ಕುಂಬಾರಕೊಪ್ಪಲು ತಲುಪುವಷ್ಟರಲ್ಲಿ ಮೈತೊಳೆಸಿ, ವಿಭೂತಿ ಬಳಿದು, ನಮ್ಮ ಲಿಂಗಾಯತರ ಕ್ರಮದಂತೆ ಪದ್ಮಾಸನದಲ್ಲಿ ಕೂರಿಸಿಯಾಗಿತ್ತು. ಕಾಲುಗಳು ಮಡಿಚಿ ಬಟ್ಟೆಯೊಳಗಿದ್ದವು. ಹಾಗೆಯೇ ಮಣ್ಣಿಗಿಟ್ಟರು. ನಾನು ಅವರ ಬರಿಗಾಲನ್ನು ಒಂದು ಸಲವೂ ನೋಡಲಿಲ್ಲ.

ಮೂರನೆಯ ದಿನ ಆ ಅಜ್ಜಿ ಬಂದರು. ಸುದ್ದಿ ತಡವಾಗಿ ಮುಟ್ಟಿತ್ತು. ಅಳಲಿಲ್ಲ. ಖಾಲಿ ಕುರ್ಚಿಯ ಮುಂದೆ, ಮೊದಲು ಕೂತ ಜಾಗದಲ್ಲೇ ಕೂತರು. ಬಹಳ ಹೊತ್ತಾದ ಮೇಲೆ ಅಮ್ಮ ಒಳಗೆ ಹೋಗಿ, ಮಂಚದ ಕೆಳಗಿನಿಂದ ಒಂದು ಜೊತೆ ಕಾಲುಚೀಲ ತಂದು ಅಜ್ಜಿಯ ಮಡಿಲಿಗೆ ಹಾಕಿದರು. ಅಜ್ಜಿ ಅದನ್ನು ಎತ್ತಿ ನೋಡಿದರು.

“ಒಗ್ದುಬುಟ್ಟಿದ್ದೀರಾ ತಾಯಿ?”

“ಇಲ್ಲ ಅಜ್ಜಿ. ಆಸ್ಪತ್ರೆಗೆ ಹೋಗೋ ದಿನ ಬಿಚ್ಚಿದ್ದು.”

“ಒಳ್ಳೇದಾಯ್ತು ಬುಡಿ,” ಎಂದು ಎರಡನ್ನೂ ಕಣ್ಣಿಗೊತ್ತಿಕೊಂಡು, ಅವರೆಕಾಯಿ ತರುತ್ತಿದ್ದ ಸೆರಗಿನ ತುದಿಗೆ ಕಟ್ಟಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಬೂದೋ ಕಂದೋ ಎಂದು ನೋಡಿಕೊಳ್ಳಬೇಕಿತ್ತು. ಹೊಳೆಯಲಿಲ್ಲ.

ಹದಿನೈದನೆಯ ಅಧ್ಯಾಯದ ಫೈಲನ್ನು ಅಮ್ಮ ನನ್ನ ಕೈಗೆ ಕೊಟ್ಟರು. ಒಳಗೆ ಒಂದೇ ಹಾಳೆ. ತಾರೀಖಿಲ್ಲ. ಮೇಲೆ ‘ಪೀಠ ಹೋದ ಮೇಲೆ’ ಎಂದಿದೆ. ‘ಹೋದ’ ಈ ಸಲ ಹೊಡೆದಿಲ್ಲ. ಅದರ ಕೆಳಗೆ ಇಷ್ಟು:

‘ಆ ಚಳಿಗಾಲ ಒಬ್ಬ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ತೋಟದ ಮನೆಗೆ ಬಂದಳು. ಬಿಷಪ್ಪರು ಕುರ್ಚಿಯಿಂದ ಎದ್ದರು. ಮಗುವಿನ ತಲೆಯ ಮೇಲೆ’

ಅಲ್ಲಿಗೆ ನಿಂತಿದೆ. ಅಂಚಿನಲ್ಲಿ ಅಂಕೆ ಇಲ್ಲ.

ಮೇಷ್ಟ್ರ ಕಪಾಟಿನ ಪುಸ್ತಕಗಳನ್ನೆಲ್ಲ ಎರಡು ತಿಂಗಳು ಕೂತು ತಿರುವಿದೆ. ಸೋದರಳಿಯನ ಕಾಗದ ಸಿಕ್ಕಿತು, ಗುಮಾಸ್ತನ ಬರವಣಿಗೆ ಸಿಕ್ಕಿತು. ಮುದುಕಿ ಎಲ್ಲೂ ಇಲ್ಲ. ಮುದುಕಿಯನ್ನು ಮೇಷ್ಟ್ರೇ ಕಟ್ಟಿದರು ಎಂದು ಹೇಳಿಬಿಡಲು ನನಗೆ ಆಸೆ. ನಾನು ನೋಡದ ಯಾವುದೋ ಪುಸ್ತಕದಲ್ಲಿ ಆಕೆ ಇದ್ದರೂ ಇರಬಹುದು.

ಪುಸ್ತಕ ಈಗ ಪ್ರೆಸ್ಸಿನಲ್ಲಿದೆ. ಆ ಹಾಳೆಯನ್ನು ಇದ್ದ ಹಾಗೇ ಹಾಕಿದ್ದೇನೆ, ಪೂರ್ಣವಿರಾಮವನ್ನೂ ಸೇರಿಸಿಲ್ಲ. ಹಾಗೆ ಬಿಟ್ಟರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುವುದಿಲ್ಲವೇ ಎಂದು ಅಮ್ಮ ಕೇಳಿದರು. ಅಂದುಕೊಳ್ಳಬಹುದು.

ಬಿಷಪ್ಪರು ಕೈಯಿಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಗುರುವಾರ ಕೊನೆಯ ಕುರ್ಚಿಯಲ್ಲಿ ಕೂತವರು ಯಾರು ಎಂಬುದೂ ಗೊತ್ತಿಲ್ಲ.