ಬೇವಿನ ಮರದ ಹತ್ತಿರ ಬೈಸಿಕೊಂಡೆ

ಗೆಳೆಯರೇ, ಇವತ್ತು ಬೆಳಗ್ಗೆ ಪುಣೆಯ ಗುಡ್ಡವೊಂದರ ಮೇಲೆ ನನ್ನ ಮಾನ ಹೋಯಿತು. ನನಗೂ ಹದಿನೈದರ ಮಗಳಿಗೂ ದಿನಾ ಜಗಳವೆಂದು, ಮರಗಿಡಗಳ ನಡುವೆ ಕೌನ್ಸೆಲಿಂಗ್ ಮಾಡುವ ಮೇಡಂ ಬಳಿ ಹೋಗಿದ್ದೆವು. ಇಬ್ಬರನ್ನೂ ದೂರದೂರ ಕಳಿಸಿ, ಒಂದೊಂದು ಮರಕ್ಕೆ ಮನಸ್ಸಿನ ಭಾರವನ್ನೆಲ್ಲ ಹೇಳಿಬಿಡಿ ಎಂದರು.

ಇಲ್ಲಿ ಕನ್ನಡ ಯಾರಿಗೆ ಗೊತ್ತು ಎಂಬ ಧೈರ್ಯದಲ್ಲಿ ಬೇವಿನ ಮರವನ್ನು ತಬ್ಬಿಕೊಂಡು ಜೋರಾಗಿಯೇ ಹೇಳಿದೆ: "ಮಗಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ನೋಡ್ತೀನಿ ಕಣಪ್ಪಾ."

"ಭಾಳ ತಪ್ಪು ಮಾಡೀರಿ," ಎಂದಿತು ಮರದ ಹಿಂಬದಿ.

ಇಣುಕಿದರೆ, ವಾಕಿಂಗಿಗೆ ಬಂದ ಅಜ್ಜನೊಬ್ಬ ಬಾಟಲಿಯಿಂದ ಬುಡಕ್ಕೆ ನೀರು ಹಾಕುತ್ತಿದ್ದ. "ಏಳು ವರ್ಷ ನೀರು ಹೊತ್ತು ಬೆಳೆಸೀನ್ರಿ ಇದನ್ನ. ನಿಮ್ಮ ಪಾಪ ಇದಕ್ಕ್ಯಾಕ ಹಚ್ಚತೀರಿ? ಮಗಳಿಗೇ ಹೇಳ್ರಿ!"

ಆಮೇಲೆ ಮೇಡಂ ಮೆಲ್ಲಗೆ ಕೇಳಿದರು, "ಮರ ಏನಾದರೂ ಹೇಳಿತೇ?"

ಹೇಳಿತು. ಧಾರವಾಡದ ಕನ್ನಡದಲ್ಲಿ, ಮಗಳಿಗೂ ಕೇಳುವಷ್ಟು ಗಟ್ಟಿಯಾಗಿ.