ಅತ್ತೆಯ ಎಂಜಲಿನ ಮಾದರಿ

ತರೀಕೆರೆಯಿಂದ ಒಬ್ಬ ನರ್ಸ್ ಅಜ್ಜಂಪುರದ ನಮ್ಮ ಮನೆಗೆ ಅತ್ತೆಯ ಜೊಲ್ಲು ತೆಗೆದುಕೊಂಡು ಹೋಗಲು ಬಂದಿದ್ದರು. ಕೊರೋನಾ ಬಂದು ಹೋದವರ ಬಾಯಲ್ಲಿ ಆ ವೈರಸ್ಸನ್ನು ತಡೆಯುವ ಪ್ರತಿಕಾಯ ಇನ್ನೂ ಉಳಿದಿದೆಯೇ ಎಂದು ಅಳೆಯುವ ಅಧ್ಯಯನವಂತೆ. ನಾನು ಬಿ.ಎಸ್ಸಿ. ಓದಿದವಳು. ಹಾಗಾಗಿ ಅತ್ತೆಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ವೈರಸ್ ನುಗ್ಗುವುದು ಮೂಗು, ಬಾಯಿಯಿಂದ. ರಕ್ತದಲ್ಲಿರುವ ಕಾವಲು ಬೇರೆ, ಮೂಗು-ಬಾಯಿಯ ಒದ್ದೆ ಪೊರೆಯ ಕಾವಲು ಬೇರೆ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂದು ಜೊಲ್ಲಿನಲ್ಲಿ ನೋಡುತ್ತಾರೆ ಎಂದೆ.

"ನನ್ ಬಾಯಿ ಬಾಗ್ಲಲ್ಲಿ ಯಾರೂ ನಿಲ್ಲಲ್ಲ ಕಣೇ, ಬೈಸ್ಕೊಂಡು ಓಡೋಗ್ತಾರೆ," ಎಂದರು ಅತ್ತೆ.

ನರ್ಸ್ ಪ್ಲಾಸ್ಟಿಕ್ ಕೊಳವೆಯಿಂದ ಹತ್ತಿಯ ಸುರುಳಿಯೊಂದನ್ನು ತೆಗೆದರು. ಕಿರುಬೆರಳಿನ ಗಾತ್ರದ್ದು. ಅದನ್ನು ಕೆನ್ನೆಯೊಳಗೆ ಇಟ್ಟುಕೊಂಡು ಮೆಲ್ಲಗೆ ಅಗಿಯಬೇಕು, ನೆನೆದ ಮೇಲೆ ಕೊಳವೆಗೇ ಉಗುಳಬೇಕು. ಬೆಳಗಿನಿಂದ ಎಲೆಯಡಿಕೆ ಹಾಕಬಾರದೆಂದು ಹೇಳಿದ್ದರಿಂದ ಅತ್ತೆ ಆ ಹತ್ತಿಯನ್ನೇ ಆಸೆಯಿಂದ ಅಗಿದರು.

"ಸಾಕು ಅಜ್ಜಿ, ಇದ್ರೊಳಗೆ ಉಗುಳಿ," ಎಂದು ನರ್ಸ್ ಕೊಳವೆಯನ್ನು ಅವರ ತುಟಿಯ ಹತ್ತಿರ ಹಿಡಿದರು.

ಅತ್ತೆ ತಲೆ ಅಲ್ಲಾಡಿಸಿ, ಕೊಳವೆಗೆ ಕೈ ಚಾಚಿದರು.

"ನಾನೇ ಹಿಡೀತೀನಿ ಅಜ್ಜಿ, ಗ್ಲೌಸ್ ಐತಲ್ಲ."

ನಡುಮನೆಯಲ್ಲಿ ದೇವರ ದೀಪ ಉರಿಯುತ್ತಿತ್ತು. ಅತ್ತೆ ತಮ್ಮ ಎಂಜಲನ್ನು ಯಾರ ಕೈಗೂ ಕೊಟ್ಟವರಲ್ಲ. ಬಾಯಿ ತುಂಬಿದ್ದರಿಂದ ಅದನ್ನು ಹೇಳಲೂ ಆಗಲಿಲ್ಲ. ಜೊಲ್ಲನ್ನಷ್ಟೇ ನುಂಗಿ ಆಮೇಲೆ ಮಾತಾಡೋಣ ಎಂದುಕೊಂಡರಂತೆ. ಜೊತೆಗೆ ಹತ್ತಿಯೂ ಹೊರಟಿತು.

ಉಸಿರು ಕಟ್ಟಿದವರು ಕೂಗಾಡುತ್ತಾರೆಂದು ನಾನು ತಿಳಿದಿದ್ದೆ. ಸದ್ದೇ ಇರಲಿಲ್ಲ. ಅತ್ತೆ ನನ್ನ ಸೆರಗು ಹಿಡಿದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ನನ್ನ ಕೈಯಲ್ಲಿ ಕೊಳವೆಯ ಮುಚ್ಚಳವಿತ್ತು. ಕೆಳಗೆ ಬಿದ್ದರೆ ಮಾದರಿ ಕೆಡುತ್ತದೆ ಎಂದು ನರ್ಸ್ ಹೇಳಿದ್ದರಿಂದ ಅದನ್ನು ಭದ್ರವಾಗಿ ಹಿಡಿದುಕೊಂಡೇ ಇದ್ದೆ. ನರ್ಸ್ ಕೊಳವೆ ಎಸೆದು, ಅತ್ತೆಯನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಅಂಗೈಯ ಬುಡದಿಂದ ಗುದ್ದಿದರು. ಮತ್ತೆ ಗುದ್ದಿದರು. ಹತ್ತಿ ನೆಲಕ್ಕೆ ಬಿತ್ತು.

ಅತ್ತೆ ಉಸಿರೆಳೆದುಕೊಂಡರು, ನೀರು ಕುಡಿದರು. ಆಮೇಲೆ ನನ್ನನ್ನು ಬೈದರು: "ಬೇರೆ ಮನೆ ಹೆಣ್ಮಗಳ ಕೈಗೆ ಎಂಜ್ಲು ಉಗಿಯೋಕಾಯ್ತದೇನೇ? ಅದೂ ನಡುಮನೇಲಿ?"

ನರ್ಸ್ ಗೋಡೆಗೆ ಒರಗಿ ಕುಳಿತುಬಿಟ್ಟಿದ್ದರು. "ಪ್ರಾಣ ಹೋಗ್ತಿತ್ತಲ್ಲ ಅಜ್ಜಿ!"

"ಹೋದ್ರೆ ಹೋಗ್ತಿತ್ತು ಬಿಡವ್ವ. ಇನ್ನೊಂದ್ ಕೊಡು, ಹಿತ್ಲಿಗೆ ಹೋಗಿ ಉಗುಳ್ಕೊಂಡ್ ಬತ್ತೀನಿ."

ನರ್ಸ್ ಕೊಡಲಿಲ್ಲ. ನೆಲಕ್ಕೆ ಬಿದ್ದದ್ದು ಅಳತೆಗೆ ಬರುವುದಿಲ್ಲವಂತೆ. ಹೀಗಾಗಿ ಅತ್ತೆಯ ಬಾಯಲ್ಲಿ ಪ್ರತಿಕಾಯ ಎಷ್ಟಿದೆ ಎಂಬುದು ಯಾರಿಗೂ ಗೊತ್ತಿಲ್ಲ.

ನಾನೀಗ ಊಟಕ್ಕೆ ಅವರ ಎದುರಿಗೇ ಕೂರುತ್ತೇನೆ. ನಮ್ಮ ಕಡೆ ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅತ್ತೆಯದು ದೊಡ್ಡ ತುತ್ತು. ಅವರ ಗಂಟಲು ಏರಿ ಇಳಿಯುವವರೆಗೆ ನನ್ನ ತುತ್ತು ಕೈಯಲ್ಲೇ ಇರುತ್ತದೆ.

"ಏನೇ ಹಂಗ್ ನೋಡ್ತೀಯ? ಉಣ್ಣು," ಎನ್ನುತ್ತಾರೆ.

ಉಣ್ಣುತ್ತೇನೆ. ಅಷ್ಟರಲ್ಲಿ ಅವರು ಇನ್ನೊಂದು ತುತ್ತು ಮುರಿದಿರುತ್ತಾರೆ.